ಬೀಚನಹಳ್ಳಿಯ ಮುಯ್ಯಿ

ಆಷಾಢದ ಜಡಿಮಳೆ ಹಿಡಿಯುವ ಹೊತ್ತಿಗೆ ಮೈಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಅಕ್ಕಿ, ಬೇಳೆ, ಕಂಬಳಿಗಳನ್ನು ಹೇರಿಕೊಂಡ ವಾಹನಗಳು ಹೊರಡುವುದು ಈಚಿನ ವರ್ಷಗಳಲ್ಲಿ ಒಂದು ವಾಡಿಕೆಯಂತೆಯೇ ಆಗಿದೆ. ಅವುಗಳಲ್ಲಿ ಹೋಗುವವರು ಬಹುಮಟ್ಟಿಗೆ ತರುಣರು. ಕಾಲೇಜಿನ ವಿದ್ಯಾರ್ಥಿಗಳು, ಕಚೇರಿಯ ನೌಕರರು, ಅಂಗಡಿಯವರು. ತಮ್ಮತಮ್ಮೊಳಗೆ ಚಂದಾ ಎತ್ತಿ, ಭಾನುವಾರದ ವಿಶ್ರಾಂತಿಯನ್ನು ಬಿಟ್ಟು, ಕೆಸರು ಹಾದಿಯಲ್ಲಿ ಚೀಲ ಹೊತ್ತು, ಬೀಚನಹಳ್ಳಿಯ ಸುತ್ತಿನ ಬಡ ಸಂಸಾರಗಳಿಗೆ ಹಂಚಿ ಸಂಜೆಗೆ ಮರಳುವ ಇವರ ಶ್ರಮವನ್ನು ಹಗುರವಾಗಿ ಕಾಣುವ ಮನಸ್ಸು ನಮ್ಮದಲ್ಲ. ಮನೆಯಲ್ಲಿ ಕುಳಿತು ಲೋಕದ ಬಡತನಕ್ಕಾಗಿ ಮರುಗುವವರಿಗಿಂತ ಇವರು ಎಷ್ಟೋ ಮೇಲು. ಆದರೆ ಈ ಕೊಡುಗೆಯನ್ನು ಯಾವ ಲೆಕ್ಕಕ್ಕೆ ಬರೆಯತಕ್ಕದ್ದು, ದಾನದ ಲೆಕ್ಕಕ್ಕೋ ಸಾಲ ತೀರಿಸುವ ಲೆಕ್ಕಕ್ಕೋ, ಎಂಬ ಪ್ರಶ್ನೆಯನ್ನು ಪಟ್ಟಣವಾಸಿಗಳಾದ ನಾವು ಒಮ್ಮೆ ನೇರವಾಗಿ ಕೇಳಿಕೊಳ್ಳುವುದು ಅವಶ್ಯ. ಕೊಡುವ ರೀತಿ, ಕೊಡುವ ಪದಾರ್ಥ, ಕೊಟ್ಟ ಮೇಲೆ ಆಡುವ ಮಾತು, ಇವೆಲ್ಲವೂ ಆ ಉತ್ತರವನ್ನೇ ಅವಲಂಬಿಸಿವೆ.

ಬೀಚನಹಳ್ಳಿಯೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಕಬಿನಿ ಅಣೆಕಟ್ಟೆಯ ಹೆಸರಾಗಿಯೇ ಪರಿಚಿತವಾದುದು. ವಯನಾಡಿನ ಬೆಟ್ಟಗಳಿಂದ ಇಳಿದು ಬರುವ ಕಪಿಲೆಗೆ ಇಲ್ಲಿ ಕಟ್ಟೆ ಕಟ್ಟುವ ಕೆಲಸ ೧೯೭೪ರಲ್ಲಿ ಮುಗಿಯಿತು. ೧೯.೫೨ ಟಿ.ಎಂ.ಸಿ. ನೀರು ನಿಲ್ಲತಕ್ಕ ಈ ಜಲಾಶಯಕ್ಕಾಗಿ ೨೨ ಗ್ರಾಮಗಳೂ ೧೪ ಉಪಗ್ರಾಮಗಳೂ ಮುಳುಗಿದವು. ಮಾಸ್ತಿಗುಡಿಯಂತಹ ದೇವಸ್ಥಾನ ನೀರಿನ ಪಾಲಾಗಿ, ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಆನೆ ಹಿಡಿಯುವ ಖೆಡ್ಡಾಕ್ಕೆ ದೇಶವಿದೇಶಗಳಲ್ಲಿ ಹೆಸರಾಗಿದ್ದ ಕಾಕನಕೋಟೆಯ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಆಮೇಲೆ ಆ ಭಾಗದ ಮೇಲೂ ನೀರು ಏರಿತು. ಹೊಲಮನೆಗಳನ್ನು ಬಿಟ್ಟ ರೈತಾಪಿ ಜನ ಒಂದು ಕಡೆಗಾದರೆ, ಪಟ್ಟೆ ಪಹಣಿಗಳೆಂಬ ಮಾತನ್ನೇ ಕೇಳದೆ ಕಾಡಿನಲ್ಲಿ ಬಾಳಿದ ಜೇನುಕುರುಬರು, ಬೆಟ್ಟಕುರುಬರು, ಯರವರು ಇನ್ನೊಂದು ಕಡೆ. ಕಾಗದ ಉಳ್ಳವರಿಗೆ ಪರಿಹಾರವೆಂಬ ಹೆಸರಾದರೂ ಇತ್ತು. ಕಾಗದವಿಲ್ಲದವರು ತಾವು ಕಳೆದುಕೊಂಡುದು ಏನೆಂದು ಕಚೇರಿಯ ಮುಂದೆ ರುಜುವಾತು ಪಡಿಸುವುದಾದರೂ ಹೇಗೆ? ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ನಾಗರಹೊಳೆ ಬಂಡೀಪುರಗಳ ಕಾಡುಗಳಿಂದ ಹೊರಬಿದ್ದ ಹಾಡಿಗಳ ಜನರೂ ಇವರ ಸಾಲಿಗೇ ಬಂದು ಸೇರಿದರು.

ಈಗ ಆ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ. ಕಾಲುವೆಗಳ ಮೂಲಕ ನಂಜನಗೂಡು, ಚಾಮರಾಜನಗರದ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಹೊಳೆಯಲ್ಲೇ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ತಮಿಳುನಾಡನ್ನು ತಲಪುತ್ತದೆ. ನಂಜನಗೂಡಿನ ಬಳಿಯ ಬಿದರಗೂಡಿನಲ್ಲಿ ಎತ್ತಿದ ಕಬಿನಿಯ ನೀರು ಮೈಸೂರಿನ ನಲ್ಲಿಗಳಲ್ಲಿ ಬೀಳುತ್ತದೆ. ಚಂದಾ ಎತ್ತಿದ ತರುಣನು ಬೆಳಿಗ್ಗೆ ಮುಖ ತೊಳೆದುದೂ ಅದೇ ನೀರಿನಿಂದ ಇದ್ದೀತು. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳವೆಂದು ನಾಲ್ಕು ಜಲಾಶಯಗಳು ಉಂಟು. ಹೀಗಿದ್ದೂ, ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿಯೊಪ್ಪಿಸಿದಾಗ ಈ ತಾಲ್ಲೂಕು ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಯೇ ಇತ್ತು. ನವರಾತ್ರಿಯಲ್ಲಿ ನಾವು ಬೀದಿಬದಿಯಲ್ಲಿ ನಿಂತು ಕೈಮುಗಿಯುವ ದಸರೆಯ ಆನೆಗಳನ್ನು ನಡೆಸಿಕೊಂಡು ಬರುವ ಮಾವುತ ಕಾವಾಡಿಗಳಲ್ಲಿ ಜೇನುಕುರುಬರು ಎಷ್ಟು ಮಂದಿ ಎಂಬುದನ್ನು ಬಲ್ಲವರು ಬಲ್ಲರು. ನೀರು ಅವರ ನೆಲದ ಮೇಲೆ ನಿಂತುದು, ಉತ್ಸವದ ಶೋಭೆ ಅವರ ಕೈಯ ಕಸುಬು. ಕೊಟ್ಟವರು ಯಾರು, ಪಡೆದವರು ಯಾರು ಎಂದು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಹಳ್ಳಿಗಳಲ್ಲಿ ಮುಯ್ಯಿ ಎಂಬುದೊಂದು ಪದ್ಧತಿ ಉಂಟು. ಮದುವೆಯ ಮನೆಯಲ್ಲಿ ಬಂದವರು ಮಾಡಿದ ಮುಯ್ಯನ್ನು ಒಬ್ಬನು ಕುಳಿತು ಪುಸ್ತಕದಲ್ಲಿ ಬರೆಯುತ್ತಾನೆ: ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ, ಇಷ್ಟು ಅಕ್ಕಿ, ಒಂದು ಪಾತ್ರೆ. ಅವರ ಮನೆಯಲ್ಲಿ ಮಂಗಳಕಾರ್ಯ ನಡೆದಾಗ ಆ ಪುಸ್ತಕವನ್ನು ತೆಗೆದು ನೋಡಿ ಅದಕ್ಕೆ ಕಡಿಮೆಯಿಲ್ಲದಂತೆ ಹಿಂದಿರುಗಿಸಬೇಕು. ಹೊಲದ ಕೆಲಸಕ್ಕೂ ಮುಯ್ಯಾಳು ಉಂಟು; ಇಂದು ನಮ್ಮ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ನಾಟಿಗೆ ನಾವು. ಇದರಲ್ಲಿ ಕೊಡುವವನ ತಲೆ ಮೇಲೆಯೂ ಇಲ್ಲ, ತೆಗೆದುಕೊಳ್ಳುವವನ ತಲೆ ಕೆಳಗೂ ಇಲ್ಲ. ಮುಯ್ಯಿ ತೀರಿಸಿದವನನ್ನು ಯಾರೂ ದಾನಶೂರನೆಂದು ಹೊಗಳುವುದಿಲ್ಲ, ತೀರಿಸದವನನ್ನು ಮಾತ್ರ ಊರು ನೆನಪಿನಲ್ಲಿಡುತ್ತದೆ. ಬೀಚನಹಳ್ಳಿಯ ಕಡೆಗೆ ಹೊರಡುವ ಪ್ರತಿಯೊಂದು ಚೀಲವೂ ಈ ಲೆಕ್ಕಕ್ಕೆ ಸೇರತಕ್ಕದ್ದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಐವತ್ತು ವರ್ಷಗಳಿಂದ ಬಾಕಿ ಬಿದ್ದಿರುವ ಮುಯ್ಯಿ ಇದು.

ಈ ದೃಷ್ಟಿಯಿಂದ ನೋಡಿದರೆ ಈಗ ನಡೆಯುತ್ತಿರುವ ಹಂಚಿಕೆಯಲ್ಲಿ ಕೆಲವು ಸಂಗತಿಗಳು ಸರಿಕಾಣುವುದಿಲ್ಲ. ಮುಯ್ಯಿ ಮಾಡುವವನು ಎದುರಿನವನ ಮನೆಯಲ್ಲಿ ಏನು ಬೇಕೆಂಬುದನ್ನು ತಿಳಿದು ಮಾಡುತ್ತಾನೆ. ದಾನ ಮಾಡುವವನು ತನ್ನಲ್ಲಿ ಏನು ಹೆಚ್ಚಾಗಿದೆಯೆಂಬುದನ್ನು ನೋಡುತ್ತಾನೆ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ನಾಡಿನ ಮೂಲೆಮೂಲೆಗಳಿಂದ ಜನರು ಕಳುಹಿಸಿದ ಪದಾರ್ಥಗಳ ರಾಶಿ ಎಷ್ಟಾಯಿತೆಂದರೆ, ಕೆಡುವ ವಸ್ತುಗಳನ್ನು ಇನ್ನು ಕಳುಹಿಸಬೇಡಿರೆಂದು ಅಧಿಕಾರಿಗಳೇ ಬೇಡಿಕೊಳ್ಳುವಂತಾಯಿತು. ಜನರ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಯಾರಿಗೆ ಏನು ಬೇಕು, ಯಾವಾಗ ಬೇಕು ಎಂದು ಕೇಳುವ ಸಹನೆಗೆ ಕೊರತೆಯಿತ್ತು. ಮರುವರ್ಷ, ೨೦೧೯ರ ಆಗಸ್ಟಿನಲ್ಲಿ, ವಯನಾಡಿನ ಮಳೆಯಿಂದ ಉಕ್ಕಿದ ಕಬಿನಿಯಿಂದ ಒಂದು ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಿಡಬೇಕಾಗಿ ಬಂದು, ನಂಜನಗೂಡಿನ ತಗ್ಗಿನ ಬೀದಿಗಳು ಮುಳುಗಿ ಊಟಿಯ ರಸ್ತೆ ಕಡಿದುಹೋದಾಗಲೂ ಸ್ವಯಂಸೇವಕರು ಸೊಂಟಕಟ್ಟಿ ನಿಂತರು. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕೂಲಿಯೇ ಆಧಾರವಾದ ಸಂಸಾರಗಳಿಗೆ ದಿನಸಿ ಒದಗಿಸಿದವರೂ ಬಹುಪಾಲು ಇಂತಹ ಸಣ್ಣ ಗುಂಪುಗಳವರೇ. ಸರ್ಕಾರದ ಯಂತ್ರ ತಿರುಗುವುದಕ್ಕೆ ಮೊದಲೇ ಒಲೆ ಹೊತ್ತಿಸಿದ ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಟಾರು ರಸ್ತೆಯ ಪಕ್ಕದ ಹಾಡಿಗೆ ಒಂದೇ ವಾರದಲ್ಲಿ ಮೂರು ಗುಂಪುಗಳು ಬಂದು ಹೋಗುವುದೂ, ಎರಡು ಮೈಲಿ ಒಳಗಿರುವ ಹಾಡಿಗೆ ಒಂದೂ ಬಾರದಿರುವುದೂ ಯಾರು ಬೇಕಾದರೂ ಕಾಣಬಹುದಾದ ಸಂಗತಿ. ರಾಗಿಯುಂಡು ಬೆಳೆದ ಜನಕ್ಕೆ ಪಾಲಿಷ್ ಮಾಡಿದ ಅಕ್ಕಿಯನ್ನೇ ಒಯ್ಯುವುದು ಇನ್ನೊಂದು. ಅಕ್ಕಿಯಂತೂ ನ್ಯಾಯಬೆಲೆಯ ಅಂಗಡಿಯಲ್ಲಿ ದೊರೆಯುತ್ತದೆ. ದೊರೆಯದಿರುವುದು ಸಾಬೂನು, ಮಳೆಗೆ ಹೊದಿಸುವ ತಾಡಪಾಲು, ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಛಾರ್ಜು. ಮತ್ತೆ ಆ ಛಾಯಾಚಿತ್ರಗಳು! ಚೀಲದ ಒಂದು ತುದಿಯನ್ನು ಐದು ಮಂದಿ ಹಿಡಿದು, ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿದ ಒಬ್ಬ ಮುದುಕಿಯನ್ನು ನಿಲ್ಲಿಸಿ ತೆಗೆಯುವ ಪಟಗಳನ್ನು ಕಂಡಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಮದುವೆಯ ಮನೆಯಲ್ಲಿ ಮುಯ್ಯಿ ಮಾಡುವಾಗ ಈ ರೀತಿ ಯಾರಾದರೂ ನಿಂತದ್ದುಂಟೆ?

ಕೈಗೆ ಒಂದು ಚೀಲ ಕೊಡುವುದಕ್ಕೂ ಸಂಸಾರವನ್ನು ಕಾಲಮೇಲೆ ನಿಲ್ಲಿಸುವುದಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಬಹಳ ಕಷ್ಟದಿಂದ ಕಲಿತರು. ೧೮೭೬-೭೮ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ನಾಶವಾಯಿತು. ಆಗ ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ಸಾರ್ವಜನಿಕರಿಂದ ಸಂಗ್ರಹವಾದ ನಿಧಿಯ ಹಣವನ್ನು ಗಂಜಿಯ ಕೊಪ್ಪರಿಗೆಗಳಿಗೇ ಸುರಿಯದೆ, ಬದುಕುಳಿದ ರೈತನಿಗೆ ಬಿತ್ತನೆಯ ಬೀಜ, ಎತ್ತು, ನೇಗಿಲು, ಬಿದ್ದ ಮನೆಯ ಮಾಡು, ಇವುಗಳಿಗಾಗಿಯೂ ವಿನಿಯೋಗಿಸಲಾಯಿತು. ಬರ ಮುಗಿದ ಮೇಲೂ ಬೀಜವಿಲ್ಲದವನಿಗೆ ಬರ ಮುಗಿದಿರುವುದಿಲ್ಲ ಎಂಬುದನ್ನು ಆ ನಿಧಿಯವರು ಗ್ರಹಿಸಿದ್ದರು. ಪರದೇಶದಿಂದ ಬಂದ ಹಣವಾದರೂ ಆ ವಿವೇಕವನ್ನು ನಾವು ಒಪ್ಪಿಕೊಳ್ಳಬೇಕು. ಇದೇ ಕಪಿಲೆಯ ಸೀಮೆಯಲ್ಲಿ, ನಂಜನಗೂಡು ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಹಳ್ಳಿಯ ಹೆಂಗಸರ ಕೈಗೆ ರಾಟೆ ಕೊಟ್ಟು ಬದನವಾಳಿನಲ್ಲಿ ಖಾದಿಯ ಕೆಲಸವನ್ನು ಬೆಳೆಸಿದುದೂ ಈ ಮಾರ್ಗದ್ದೇ; ದುಡಿದು ನೂತ ನೂಲಿಗೆ ಬಂದ ಕಾಸನ್ನು ಆ ಹೆಂಗಸರು ಯಾರಿಗೂ ತಲೆಬಾಗದೆ ಸೆರಗಿನಲ್ಲಿ ಕಟ್ಟಿಕೊಂಡರು.

ಮೈಸೂರಿನ ತಾತಯ್ಯನವರ ಹೆಸರನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಸಲ್ಲದು. ಎಂ. ವೆಂಕಟಕೃಷ್ಣಯ್ಯನವರು (೧೮೪೪-೧೯೩೩) ಹುಟ್ಟಿದುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ. ಮರಿಮಲ್ಲಪ್ಪನವರ ಪಾಠಶಾಲೆಯ ಮುಖ್ಯೋಪಾಧ್ಯಾಯರಾಗಿ, ಪತ್ರಿಕೆಗಳ ಸಂಪಾದಕರಾಗಿ ಪ್ರಸಿದ್ಧರಾದ ಅವರು ಬಡ ಮಕ್ಕಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಆ ಕಾಲದ ಬಡ ವಿದ್ಯಾರ್ಥಿಗೆ ಇದ್ದ ಆಶ್ರಯ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆಗಳು ಸೇರಿ ಒಬ್ಬ ಹುಡುಗನನ್ನು ಓದಿಸುವ ಈ ಏರ್ಪಾಡಿನಲ್ಲಿ ಒಂದು ಮನೆಯ ಮೇಲೆಯೂ ಹೊರೆ ಬೀಳುತ್ತಿರಲಿಲ್ಲ, ಹುಡುಗನೂ ಒಬ್ಬರ ಹಂಗಿನಲ್ಲಿಯೇ ಬಾಳಬೇಕಾಗಿರಲಿಲ್ಲ. ಆದರೆ ಅದರ ಬಾಗಿಲು ಜಾತಿಯ ಅಳತೆಗೆ ತಕ್ಕಂತೆ ತೆರೆಯುತ್ತಿತ್ತೆಂಬುದನ್ನೂ ಮುಚ್ಚಿಡಬಾರದು. ಹಾಡಿಯ ಹುಡುಗನೊಬ್ಬನು ಅಗ್ರಹಾರದ ಪಡಸಾಲೆಯಲ್ಲಿ ಬುಧವಾರದ ಊಟಕ್ಕೆ ಕುಳಿತ ದಾಖಲೆಯನ್ನು ಹುಡುಕುವುದು ವ್ಯರ್ಥ. ಏಳು ಮನೆಯ ಲೆಕ್ಕವನ್ನು ಉಳಿಸಿಕೊಂಡು ಬಾಗಿಲನ್ನು ಅಗಲಮಾಡುವ ಕೆಲಸ ಮುಂದಿನವರ ಪಾಲಿಗೆ ಬಂದಿತು.

ಬೀಚನಹಳ್ಳಿಯ ಸೀಮೆಯಲ್ಲಿಯೇ ಹಾಗೆ ಮಾಡಿ ತೋರಿಸಿದವರು ಉಂಟು. ೧೯೮೪ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕೆಲವರು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಮೊದಲಿಗೆ ಅವರು ಮಾಡಿದುದು ವಿದ್ಯಾರ್ಥಿಗಳ ಕೈಲಾಗುವಷ್ಟೇ: ಔಷಧದ ಕಂಪೆನಿಗಳವರು ವೈದ್ಯರಿಗೆ ಮಾದರಿಗೆಂದು ಕೊಡುವ ಮಾತ್ರೆಗಳನ್ನು ಕೂಡಿಸಿ ಬಡ ರೋಗಿಗಳಿಗೆ ಒದಗಿಸುವುದು, ರಕ್ತ ಕೊಡುವುದು. ಅಷ್ಟಕ್ಕೇ ನಿಂತಿದ್ದರೆ ಅವರ ಹೆಸರನ್ನು ಇಂದು ಎತ್ತುವ ಕಾರಣವಿರುತ್ತಿರಲಿಲ್ಲ. ಪದವಿಯನ್ನು ಮುಗಿಸಿದ ಮೇಲೆ, ೧೯೮೭ರಲ್ಲಿ, ಅವರು ಈ ತಾಲ್ಲೂಕಿನ ಬ್ರಹ್ಮಗಿರಿ ಎಂಬ ಹಾಡಿಗೆ ಹೋಗಿ ನೆಲೆಸಿ ಔಷಧಾಲಯ ತೆರೆದರು. ಮಕ್ಕಳಿಗಾಗಿ ಶಾಲೆಯನ್ನು ದನದ ಕೊಟ್ಟಿಗೆಯೊಂದರಲ್ಲಿ ಆರಂಭಿಸಿದರು. ಅದೇ ಮುಂದೆ ಹೊಸಹಳ್ಳಿಯ ಗಿರಿಜನ ವಸತಿಶಾಲೆಯಾಗಿ ಬೆಳೆಯಿತು. ಕೆಂಚನಹಳ್ಳಿಯ ಸಣ್ಣ ಆಸ್ಪತ್ರೆಯೂ ಸರಗೂರಿನ ದೊಡ್ಡ ಆಸ್ಪತ್ರೆಯೂ ಬಂದವು.

ಈ ಸಂಸ್ಥೆಯ ಎಲ್ಲ ಕಾರ್ಯಗಳನ್ನೂ ಹೊಗಳುವುದು ನಮ್ಮ ಉದ್ದೇಶವಲ್ಲ. ದೊಡ್ಡದಾದ ಯಾವ ಸಂಸ್ಥೆಯಲ್ಲಿಯೂ ಕಚೇರಿತನ ಹೊಕ್ಕೇ ಹೊಗುತ್ತದೆ. ನಮ್ಮ ಕಣ್ಣಿಗೆ ಮುಖ್ಯವಾಗಿ ಬೀಳುವುದು ಒಂದೇ ಅಂಶ. ಅವರು ಸಂಜೆಗೆ ಮೈಸೂರಿಗೆ ಮರಳಲಿಲ್ಲ. ಮರಳದೆ ಉಳಿದುದರಿಂದಲೇ ಹಾಡಿಯವರು ಔಷಧಾಲಯಕ್ಕೆ ಏಕೆ ಬರುವುದಿಲ್ಲ, ಮಗು ಶಾಲೆ ಬಿಟ್ಟು ಏಕೆ ಓಡಿಹೋಗುತ್ತದೆ, ಕೊಡಗಿನ ಕಾಫಿ ತೋಟಕ್ಕೂ ವಯನಾಡಿನ ಶುಂಠಿ ಹೊಲಕ್ಕೂ ಇಡೀ ಸಂಸಾರವೇ ಏಕೆ ಎದ್ದು ಹೋಗುತ್ತದೆ ಎಂಬುದೆಲ್ಲ ಅವರಿಗೆ ತಿಳಿಯಲವಕಾಶವಾಯಿತು. ಎಲ್ಲ ತರುಣರೂ ಹಾಡಿಯಲ್ಲಿ ಹೋಗಿ ನೆಲಸಬೇಕೆಂದು ನಾವು ಹೇಳಲಾರೆವು. ಸಂಸಾರಸ್ಥರಿಗೆ ಅದು ಸಾಧ್ಯವೂ ಅಲ್ಲ. ಆದರೆ ಹತ್ತು ಹಾಡಿಗಳಿಗೆ ಒಂದೊಂದು ಸಲ ಹೋಗುವ ಗುಂಪು, ಒಂದೇ ಹಾಡಿಗೆ ಹತ್ತು ಸಲ ಹೋದರೆ ಅದಕ್ಕೆ ತಗಲುವ ವೆಚ್ಚ ಅಷ್ಟೇ.

ಇನ್ನು ಕೊಡುವವರೆಂದರೆ ಪಟ್ಟಣದವರು ಮಾತ್ರವೆಂಬ ಭ್ರಮೆಯೂ ಹೋಗಬೇಕು. ನೆರೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ೧೯೬೦ರ ದಶಕದ ಆರಂಭದಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಅವರ ಪುನರ್ವಸತಿಗಾಗಿ ೧೯೬೮ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹೆಗ್ಗಡದೇವನಕೋಟೆಯಲ್ಲಿಯೂ ಕೆಲಸಮಾಡಿತು. ಹದಿನೈದು ಇಪ್ಪತ್ತು ಮಂದಿ ಸೇರಿ ವಾರವಾರವೂ ಕೆಲವೇ ರೂಪಾಯಿಗಳನ್ನು ಕೂಡಿಟ್ಟು, ತಮ್ಮಲ್ಲಿ ಕಷ್ಟ ಬಂದವರಿಗೆ ಅದರಿಂದಲೇ ಸಾಲ ಕೊಡುವ ಸ್ವಸಹಾಯ ಸಂಘಗಳ ಕ್ರಮವನ್ನು ೧೯೮೦ರ ದಶಕದ ಮಧ್ಯಭಾಗದಲ್ಲಿ ಬೆಳೆಸಿದವರಲ್ಲಿ ಈ ಸಂಸ್ಥೆಯವರು ಮೊದಲಿಗರು. ಯಾರ ಮಗುವಿಗೆ ಜ್ವರ ಬಂದಿದೆ, ಯಾರ ಗಂಡ ಕುಡಿದು ಕೂಲಿಯನ್ನು ಕಳೆದಿದ್ದಾನೆ ಎಂಬುದು ಆ ಸಂಘದ ಹೆಂಗಸರಿಗೆ ತಿಳಿದಿರುವಷ್ಟು ಮೈಸೂರಿನ ಯಾವ ಸ್ವಯಂಸೇವಕನಿಗೂ ತಿಳಿಯದು. ಕೊಡಬೇಕಾದ ಸಂಸಾರಗಳನ್ನು ಆರಿಸುವ ಕೆಲಸವನ್ನು ಅವರಿಗೇ ಬಿಡುವುದು ಲೇಸು.

ಸಣ್ಣ ಸಾಲದ ಹೆಸರಿನಲ್ಲಿ ಹಳ್ಳಿಗಳಲ್ಲಿ ನಡೆದ ಹಿಂಸೆಯನ್ನು ವಾಚಕರು ಮರೆತಿರಲಾರರು. ವಸೂಲಿಯವರ ಕಾಟಕ್ಕೆ ಅಂಜಿ ಮೈಸೂರು ಚಾಮರಾಜನಗರದ ಕಡೆಯ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುವೆಂಬ ವರ್ತಮಾನಗಳು ಬಂದ ಬಳಿಕ, ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರದ ಕಂತಿಗೆ ಬೆದರಿದ ತಾಯಿಗೆ ಐದು ಕಿಲೋ ಅಕ್ಕಿಯಿಂದ ಆಗುವ ಉಪಕಾರವೇನು? ಅದೇ ಚಂದಾದ ಹಣದಲ್ಲಿ ಅರ್ಧವನ್ನು ಸಂಘದ ಪೆಟ್ಟಿಗೆಗೆ ಹಾಕಿ, ಕಾಯಿಲೆಗೂ ಬಿತ್ತನೆಗೂ ಬಡ್ಡಿಯಿಲ್ಲದ ಕೈಗಡವಾಗಿ ತಿರುಗುವಂತೆ ಮಾಡಿದರೆ ಅದು ಹಲವು ಮಳೆಗಾಲಗಳ ತನಕ ಬಾಳೀತು.

ಸರ್ಕಾರದ ಹೊಣೆಯನ್ನು ಸ್ವಯಂಸೇವಕರ ಹೆಗಲಿಗೆ ಜಾರಿಸಿಬಿಡುವ ಅಧಿಕಾರಿ ಮಹಾಶಯರಿಗೂ ಒಂದು ಮಾತು ಹೇಳಬೇಕಾಗಿದೆ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಯನ್ನು ಪರಿಶೀಲಿಸಲು ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಏರ್ಪಟ್ಟ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ ೨೦೧೪ರಲ್ಲಿ ವರದಿಯನ್ನೊಪ್ಪಿಸಿತು. ಪುನರ್ವಸತಿ ಸಲ್ಲಬೇಕಾದ ೩೪೧೮ ಸಂಸಾರಗಳನ್ನು ಅದು ಲೆಕ್ಕ ಹಾಕಿತ್ತು. ಆ ಪ್ರಾಧ್ಯಾಪಕರು ೨೦೨೫ರ ಜನವರಿಯಲ್ಲಿ ತೀರಿಕೊಂಡರು. ಅರಣ್ಯ ಹಕ್ಕುಗಳ ಕಾಯಿದೆ ೨೦೦೬ರಲ್ಲಿಯೇ ಬಂದಿತು. ಜೇನುಕುರುಬ ಸಂಸಾರಗಳಿಗೆ ಬೇಳೆ, ಮೊಟ್ಟೆ, ತುಪ್ಪ, ಬೆಲ್ಲಗಳನ್ನು ಒದಗಿಸುವ ಯೋಜನೆಯೂ ಸರ್ಕಾರದ್ದು ಉಂಟು. ಇವೆಲ್ಲ ಯಾರ ಕೃಪೆಯೂ ಅಲ್ಲ. ಸ್ವಯಂಸೇವಕರು ಒಯ್ದ ಚೀಲವನ್ನು ತೋರಿಸಿ, ಹಾಡಿಯವರಿಗೆ ಏನೂ ಕೊರತೆಯಿಲ್ಲವೆಂದು ಕಡತದಲ್ಲಿ ಬರೆಯುವುದಾದರೆ ಆ ಚೀಲದಿಂದ ಹಾಡಿಗೆ ಹಾನಿಯೇ ಹೊರತು ಲಾಭವಿಲ್ಲ. ಅರ್ಜಿ ಬರೆಯಬಲ್ಲ, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬಲ್ಲ, ಕಡತ ಎಲ್ಲಿ ನಿಂತಿದೆಯೆಂದು ಕೇಳಬಲ್ಲ ವಿದ್ಯಾವಂತ ತರುಣನು ತನ್ನ ಒಂದು ಭಾನುವಾರಕ್ಕೆ ಬದಲು ಒಂದು ಸೋಮವಾರವನ್ನು ರಜೆ ಹಾಕಿ ಕೊಟ್ಟರೆ, ಅದು ಹತ್ತು ಚೀಲ ಅಕ್ಕಿಗಿಂತ ಹೆಚ್ಚಿನ ಕೊಡುಗೆಯೆಂದು ನಾವೆಣಿಸುತ್ತೇವೆ. ನಮ್ಮ ವಾಚಕರಲ್ಲಿ ನಿವೃತ್ತ ಶಿರಸ್ತೇದಾರರು, ಮಾಸ್ತರರು, ವಕೀಲರು ಬೇಕಾದಷ್ಟು ಮಂದಿ ಇರುವರು; ಅವರ ಅನುಭವಕ್ಕೆ ಈಗ ಯಾವ ಕಚೇರಿಯೂ ಸಂಬಳ ಕೊಡುತ್ತಿಲ್ಲವಾದ್ದರಿಂದ ಅದು ಹಾಡಿಯವರಿಗೆ ಪುಕ್ಕಟೆಯಾಗಿ ಸಿಕ್ಕಲಡ್ಡಿಯಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ಮೈಸೂರು, ಹುಣಸೂರು, ಕೃಷ್ಣರಾಜನಗರ, ಕೋಟೆಗಳ ಇಂತಹ ಗುಂಪುಗಳೆಲ್ಲ ಒಂದು ಕಡೆ ಕುಳಿತು ಹಾಡಿಗಳನ್ನು ತಮ್ಮೊಳಗೆ ಹಂಚಿಕೊಳ್ಳಲಿ. ತಾಲ್ಲೂಕಿನಲ್ಲಿ ಹಾಡಿಗಳು ನೂರಕ್ಕೂ ಮೇಲುಂಟು, ಗುಂಪುಗಳಿಗೂ ಬರವಿಲ್ಲ. ರಸ್ತೆಯಿಂದ ದೂರವಿರುವ ಹಾಡಿಗಳನ್ನು ವಾಹನಬಲವುಳ್ಳ ದೊಡ್ಡ ಗುಂಪುಗಳವರು ಮೊದಲು ವಹಿಸಿಕೊಳ್ಳಲಿ. ಬೇಕಾದ ಪದಾರ್ಥಗಳ ಪಟ್ಟಿಯನ್ನು ಹಾಡಿಯ ಹೆಂಗಸರು ಹೇಳಲಿ, ಸ್ವಯಂಸೇವಕರು ಬರೆದುಕೊಳ್ಳಲಿ. ಚಂದಾ ಎಷ್ಟು ಬಂದಿತು, ಏನು ಕೊಂಡಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಚಂದಾ ಕೊಟ್ಟವರಿಗೆ ಒಪ್ಪಿಸುವಂತೆಯೇ ಹಾಡಿಯ ಶಾಲೆಯ ಗೋಡೆಗೂ ಕನ್ನಡದಲ್ಲಿ ಅಂಟಿಸಲಿ. ಓದು ಬಾರದವರಿಗೆ ಹೊಸಹಳ್ಳಿಯ ಶಾಲೆಯಲ್ಲಿ ಕಲಿತ ಮಕ್ಕಳು ಅದನ್ನು ಓದಿ ಹೇಳಬಲ್ಲರು. ಕ್ಯಾಮರಾಗಳನ್ನು ಮನೆಯಲ್ಲಿ ಬಿಟ್ಟು ಬರಲಿ. ಪಟ್ಟಿಯನ್ನು ಬರೆಯುವ ಕೆಲಸಕ್ಕೆ ವೈಶಾಖ ಜ್ಯೇಷ್ಠಗಳೇ ತಕ್ಕ ಸಮಯ. ತೋಟದ ಕೂಲಿಗೆ ಹೋದವರಲ್ಲಿ ಹಲವರು ಆ ಹೊತ್ತಿಗೆ ಹಾಡಿಗೆ ಹಿಂದಿರುಗಿರುತ್ತಾರೆ, ಹಾದಿಯಲ್ಲಿ ಇನ್ನೂ ಕೆಸರಾಗಿರುವುದಿಲ್ಲ.